ಒಂದೇ ಕಾರು, ಬೇರೆ ವೇರಿಯಂಟು: ಬ್ರೇಕ್ ಪಾರ್ಟ್ ತಗೊಳ್ಳೋ ಮೊದಲು ಎಂತೆಲ್ಲ ನೋಡ್ಬೇಕು

ಮಂಗಳೂರಲ್ಲಾಗ್ಲಿ ಉಡುಪಿಯಲ್ಲಾಗ್ಲಿ ಯಾವುದಾದ್ರೂ ಸ್ಪೇರ್ ಪಾರ್ಟ್ಸ್ ಅಂಗಡಿ ಕೌಂಟರ್ ಹತ್ರ ಸ್ವಲ್ಪ ಹೊತ್ತು ನಿಂತ್ರೆ ಈ ಮಾತುಕತೆ ಕೇಳಿಸ್ತದೆ. "ಅಣ್ಣಾ, ಸ್ವಿಫ್ಟಿಗೆ ಮುಂದಿನ ಬ್ರೇಕ್ ಪ್ಯಾಡ್ ಬೇಕಿತ್ತು." "ಯಾವ ವರ್ಷದ್ದು? ಪೆಟ್ರೋಲಾ ಡೀಸಿಲಾ?" "ಹದಿನಾಲ್ಕರದ್ದು, ವಿಎಕ್ಸ್‌ಐ." ಅಷ್ಟರಲ್ಲಿ ಒಳಗಿಂದ ಒಂದು ಬಾಕ್ಸ್ ಬರ್ತದೆ, ದುಡ್ಡು ಕೊಟ್ಟು ಗ್ಯಾರೇಜಿಗೆ ಹೋಗ್ತಾರೆ. ಹೆಚ್ಚಿನ ಸಲ ಎಂತ ತೊಂದರೆ ಆಗೋದಿಲ್ಲ. ಆದ್ರೆ ಬ್ರೇಕಿನ ವಿಷಯದಲ್ಲಿ "ಹೆಚ್ಚಿನ ಸಲ" ಸಾಕಾಗೋದಿಲ್ಲ ಅಲ್ವಾ, ಅದಕ್ಕೇ ಈ ವೇರಿಯಂಟ್ ಗೊಂದಲ ಎಲ್ಲಿಂದ ಬರ್ತದೆ, ಅದನ್ನು ಬಿಡಿಸಿಕೊಳ್ಳೋದು ಹೇಗೆ ಅಂತ ಸ್ವಲ್ಪ ಉದ್ದಕ್ಕೇ ಬರೀತಾ ಇದ್ದೇನೆ.

ಮೊದಲು ಒಂದು ವಿಷಯ ತಲೆಗೆ ಹೋಗ್ಬೇಕು. ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ, ಮ್ಯಾಗ್ನಾ, ಸ್ಪೋರ್ಟ್ಸ್, ಆಸ್ಟಾ ಇದೆಲ್ಲ ಶೋರೂಮಲ್ಲಿ ಗಾಡಿ ಮಾರ್ಲಿಕ್ಕೆ ಇಟ್ಟ ಹೆಸರುಗಳು. ಬ್ರೇಕ್ ಡಿಸೈನ್ ಮಾಡುವ ಇಂಜಿನಿಯರ್‌ಗೆ ಸನ್‌ರೂಫ್ ಉಂಟಾ, ಸೀಟಿಗೆ ಲೆದರ್ ಉಂಟಾ ಅಂತ ಬೇಕಾಗೋದಿಲ್ಲ, ಅವರು ನೋಡೋದು ಗಾಡಿಯ ತೂಕ ಎಷ್ಟು, ಆ ತೂಕ ಮುಂದೆ ಎಷ್ಟು ಹಿಂದೆ ಎಷ್ಟು, ಇಂಜಿನ್ ಪವರ್ ಎಷ್ಟು, ವೀಲ್ ಎಷ್ಟು ಇಂಚಿನದ್ದು, ಎಬಿಎಸ್ (ಗಟ್ಟಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ), ಇಎಸ್‌ಪಿ (ಗಾಡಿ ಜಾರದ ಹಾಗೆ ನೋಡುವುದು) ಉಂಟಾ ಇಲ್ವಾ, ಹ್ಯಾಂಡ್‌ಬ್ರೇಕ್ ಕೇಬಲ್ಲಿಂದಾ ಮೋಟಾರಿಂದಾ ಇಷ್ಟನ್ನು. ಹಾಗಾಗಿ ಎರಡು ವೇರಿಯಂಟಿನ ಬೆಲೆಯಲ್ಲಿ ಎರಡು ಲಕ್ಷ ವ್ಯತ್ಯಾಸ ಇದ್ದೂ ಬ್ರೇಕ್ ಪೂರ್ತಿ ಒಂದೇ ಇರಬಹುದು, ಒಂದೇ ವೇರಿಯಂಟಿನ ಪೆಟ್ರೋಲ್ ಗಾಡಿಗೂ ಡೀಸಿಲ್ ಗಾಡಿಗೂ ಡಿಸ್ಕ್, ಅಂದ್ರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ, ಬೇರೆ ಇರಬಹುದು, ಯಾಕಂದ್ರೆ ಡೀಸಿಲ್ ಇಂಜಿನ್ ಭಾರ, ಆ ಭಾರ ಪೂರ್ತಿ ಮುಂದಿನ ಚಕ್ರದ ಮೇಲೆ.

ಕೆಲವು ಕಡೆ ವ್ಯತ್ಯಾಸ ಕಣ್ಣಿಗೇ ಕಾಣ್ತದೆ. 2017ರಲ್ಲಿ ಬಂದ ಬಲೆನೊ ಆರ್‌ಎಸ್‌ಗೆ ಹಿಂದೆಯೂ ಡಿಸ್ಕ್ ಇತ್ತು, ಅದೇ ಕಾಲದ ಬಾಕಿ ಬಲೆನೊಗಳಿಗೆ ಹಿಂದೆ ಡ್ರಮ್ಮು, ಅಂದ್ರೆ ಒಳಗಿಂದ ಬ್ರೇಕ್ ಹಿಡಿಯುವ ಮುಚ್ಚಿದ ಬಟ್ಟಲಿನಂಥದ್ದು. ಐ20 ಎನ್ ಲೈನ್‌ಗೆ ನಾಲ್ಕೂ ಡಿಸ್ಕ್, ಮಾಮೂಲಿ ಐ20ಗೆ ಹಿಂದೆ ಡ್ರಮ್. ಐದನೇ ತಲೆಮಾರಿನ ಹೋಂಡಾ ಸಿಟಿ ಪೆಟ್ರೋಲಿಗೆ ಹಿಂದೆ ಡ್ರಮ್ ಆದ್ರೆ ಹೈಬ್ರಿಡ್ ಸಿಟಿಗೆ ಡಿಸ್ಕ್, ಜೊತೆಗೆ ಬಟನ್ ಒತ್ತಿ ಹಾಕುವ ಪಾರ್ಕಿಂಗ್ ಬ್ರೇಕ್. ಇಂಥದ್ದರಲ್ಲಿ ಯಾರೂ ತಪ್ಪು ಮಾಡೋದಿಲ್ಲ, ಚಕ್ರದ ಸಂದಿಯಲ್ಲಿ ಇಣುಕಿದ್ರೆ ಗೊತ್ತಾಗ್ತದೆ. ಕಷ್ಟ ಇರೋದು ನೋಡ್ಲಿಕ್ಕೆ ಒಂದೇ ತರ ಇದ್ದು ಎರಡು ಮೂರು ಮಿಲಿಮೀಟರಲ್ಲಿ ಬೇರೆ ಆಗುವ ಪಾರ್ಟುಗಳಲ್ಲಿ. ಕಂಪನಿಯವರು ಒಂದೇ ಮಾಡೆಲ್‌ಗೆ ಇಬ್ಬರು ಸಪ್ಲೈಯರ್ ಹತ್ರ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ತಗೊಂಡಿರ್ತಾರೆ, ಇಲ್ಲಾ ವರ್ಷದ ಮಧ್ಯದಲ್ಲಿ ಡಿಸೈನ್ ಬದಲಾಗಿರ್ತದೆ, ಆಗ ಮಾರ್ಚ್‌ನಲ್ಲಿ ತಯಾರಾದ ಗಾಡಿಗೆ ಒಂದು ಆಕಾರದ ಪ್ಯಾಡು, ಆಗಸ್ಟ್‌ನಲ್ಲಿ ತಯಾರಾದ್ದಕ್ಕೆ ಇನ್ನೊಂದು. ಆರ್‌ಸಿಯಲ್ಲಿರುವ ರಿಜಿಸ್ಟ್ರೇಷನ್ ದಿನಾಂಕ ನೋಡಿ ಪಾರ್ಟ್ ತಂದ್ರೆ ಇಲ್ಲೇ ಎಡವೋದು, ಗಾಡಿ ತಯಾರಾಗಿ ಎಷ್ಟೋ ತಿಂಗಳು ಸ್ಟಾಕ್ ಯಾರ್ಡಲ್ಲಿ ನಿಂತಿದ್ದಿರಬಹುದು. ತಯಾರಾದ ತಿಂಗಳು ವರ್ಷ ಆರ್‌ಸಿಯಲ್ಲಿ ಬೇರೆಯೇ ಬರೆದಿರ್ತದೆ, ಅದನ್ನು ನೋಡಿ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಚಾಸಿಸ್ ನಂಬರಿಂದ. ಆರ್‌ಸಿಯಲ್ಲೂ ಉಂಟು, ಗಾಡಿಯ ಮೇಲೂ ಕೊರೆದಿರ್ತದೆ, ಅಕ್ಷರ ಅಂಕಿ ಸೇರಿ ಒಟ್ಟು 17. ಕಂಪನಿಯ ಅಧಿಕೃತ ಪಾರ್ಟ್ಸ್ ಕೌಂಟರಲ್ಲಿ ಈ ನಂಬರ್ ಕೊಟ್ರೆ ಅವರ ಕಂಪ್ಯೂಟರಲ್ಲಿ ನಿಮ್ಮ ಗಾಡಿ ಫ್ಯಾಕ್ಟರಿಯಿಂದ ಯಾವ ಬ್ರೇಕ್ ಹಾಕ್ಕೊಂಡು ಹೊರಗೆ ಬಂತು ಅಂತಲೇ ಬರ್ತದೆ, ವೇರಿಯಂಟ್ ಹೆಸರು ಹೇಳುವ ಅಗತ್ಯವೇ ಇಲ್ಲ. ಪಾರ್ಟ್ ಅಲ್ಲೇ ತಗೊಳ್ಳಿ, ಹೊರಗೆ ಬೇರೆ ಬ್ರ್ಯಾಂಡಿನದ್ದು ತಗೊಳ್ಳಿ, ಅದು ನಿಮ್ಮಿಷ್ಟ, ಆದ್ರೆ ಪಾರ್ಟ್ ನಂಬರ್ ಮಾತ್ರ ಚಾಸಿಸ್ ನಂಬರಿಂದಲೇ ತೆಗೆಸಿ. ಬಾಷ್, ಬ್ರೆಂಬೊ, ರಾಣೆ ತರದ ಒಳ್ಳೆ ಬ್ರ್ಯಾಂಡುಗಳ ಕ್ಯಾಟಲಾಗಲ್ಲಿ ಕಂಪನಿ ನಂಬರ್ ಹಾಕಿದ್ರೆ ತಮ್ಮದು ಯಾವುದು ಅಂತ ತೋರಿಸ್ತದೆ.

ಪಾರ್ಟ್ ನಂಬರ್ ಓದ್ಲಿಕ್ಕೆ ಸ್ವಲ್ಪ ಕಲಿತ್ರೆ ತುಂಬ ಉಪಕಾರ ಆಗ್ತದೆ. ಸುಜುಕಿ ನಂಬರ್‌ಗಳಲ್ಲಿ ಮೊದಲ ಐದು ಅಂಕಿ ಪಾರ್ಟ್ ಎಂತದ್ದು ಅಂತ ಹೇಳ್ತದೆ, 55311 ಅಂದ್ರೆ ಮುಂದಿನ ಡಿಸ್ಕ್, 55810 ಅಂದ್ರೆ ಮುಂದಿನ ಪ್ಯಾಡ್ ಸೆಟ್. ಅದರ ನಂತರ ಬರುವ 62ಜೆ, 68ಎಲ್ ತರದ್ದು ಆ ಪಾರ್ಟ್ ಮೊದಲು ಯಾವ ಮಾಡೆಲ್‌ಗೆ ಮಾಡಿದ್ದು ಅನ್ನುವ ಕೋಡು, 62ಜೆ ಅಂದ್ರೆ ಹಳೇ ಸ್ವಿಫ್ಟು, 68ಎಲ್ ಅಂದ್ರೆ ಅದರ ನಂತರದ್ದು. ಹ್ಯುಂಡೈಯಲ್ಲಿ 51712 ಮುಂದಿನ ಡಿಸ್ಕ್, 58101 ಮುಂದಿನ ಪ್ಯಾಡ್. ಎರಡು ವೇರಿಯಂಟಿನ ನಂಬರ್ ಪಕ್ಕಪಕ್ಕ ಇಟ್ಟಾಗ ಪೂರ್ತಿ ಒಂದೇ ಬಂತಾ, ಅಲ್ಲಿಗೆ ಚರ್ಚೆ ಮುಗೀತು, ಎರಡೂ ಒಂದೇ ಪಾರ್ಟು. ಮೊದಲ ಐದು ಒಂದೇ ಇದ್ದು ಮುಂದಿನದ್ದು ಬೇರೆ ಬಂದ್ರೆ ಅದು ಬೇರೆ ಪಾರ್ಟು ಅಂತಲೇ ಹಿಡೀಬೇಕು. ಒಂದೇ ಒಂದು ವಿನಾಯಿತಿ ಅಂದ್ರೆ ಹಳೇ ನಂಬರ್ ನಿಲ್ಲಿಸಿ ಅದರ ಜಾಗಕ್ಕೆ ಕಂಪನಿಯೇ ಹೊಸ ನಂಬರ್ ಕೊಟ್ಟಿದ್ರೆ, ಅದು ಅವರ ಸಿಸ್ಟಮಲ್ಲೇ ತೋರಿಸ್ತದೆ, ಅಂಗಡಿಯವರ ಬಾಯಿ ಮಾತಲ್ಲಿ ಅಲ್ಲ.

ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರಿಗೆ ಇನ್ನೊಂದು ಅನುಕೂಲ ಉಂಟು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲೋ ಸರ್ವಿಸ್ ಬುಕ್ಕಲ್ಲೋ ಒಂದು ಬಿಳಿ ಸ್ಟಿಕ್ಕರ್ ಇರ್ತದೆ, ಅದರ ತುಂಬ ಮೂರು ಮೂರು ಅಕ್ಷರದ ಕೋಡ್‌ಗಳು. ಅದರಲ್ಲಿ 1ಝಡ್ ಅಥವಾ 1ಎಲ್ ಅಂತ ಶುರುವಾಗುವುದು ಮುಂದಿನ ಬ್ರೇಕಿಂದು, 1ಕೆ ಅಂತ ಶುರುವಾಗುವುದು ಹಿಂದಿನದ್ದು. ಎರಡು ಪೋಲೋಗಳ ಈ ಕೋಡ್ ಬೇರೆ ಅಂದ್ರೆ ಹೊರಗಿಂದ ಅವಳಿ ಜವಳಿ ತರ ಕಂಡ್ರೂ ಬ್ರೇಕ್ ಬೇರೆ.

ನಮ್ಮ ಕಡೆಯವರಿಗೆ ಒಂದು ವಿಷಯ ಪ್ರತ್ಯೇಕವಾಗಿ ಹೇಳ್ಲೇಬೇಕು. ಮನೆಯಲ್ಲಿ ಒಬ್ಬರಾದ್ರೂ ಗಲ್ಫಲ್ಲಿ ಇರ್ತಾರೆ, ಊರಿಗೆ ಬರುವಾಗ "ಅಲ್ಲಿ ಒಳ್ಳೆ ಕ್ವಾಲಿಟಿ ಸಿಗ್ತದೆ, ಪ್ಯಾಡ್ ಡಿಸ್ಕ್ ತಗೊಂಡು ಬಾ" ಅಂತ ಹೇಳಿ ಕಳಿಸ್ತೇವೆ. ಅಲ್ಲಿ ಅದೇ ಹೆಸರಿನ ಕಾರು ಓಡ್ತಾ ಇರಬಹುದು, ಆದ್ರೆ ಬೇರೆ ಇಂಜಿನ್, ಬೇರೆ ವೀಲು, ಕೆಲವು ಸಲ ಬೇರೆ ದೇಶದ ಫ್ಯಾಕ್ಟರಿ. ಹೆಸರು ಹೇಳಿ ತರಿಸೋದು ಬೇಡವೇ ಬೇಡ. ಪಾರ್ಟ್ ನಂಬರ್ ವಾಟ್ಸಾಪ್ ಮಾಡಿ, ಬಾಕ್ಸಿನ ಲೇಬಲ್ ಫೋಟೋ ತರಿಸಿ ನೋಡಿ, ಆಮೇಲೆ ದುಡ್ಡು ಕೊಡ್ಲಿಕ್ಕೆ ಹೇಳಿ. ಐದು ಕೆಜಿ ಕಬ್ಬಿಣ ಲಗೇಜಲ್ಲಿ ಹೊತ್ತು ತಂದು ಇಲ್ಲಿ ಕೂರದಿದ್ರೆ ವಾಪಸ್ ಯಾರು ತಗೊಳ್ತಾರೆ.

ಈಗ ಅಳತೆ ವಿಷಯ. ನಂಬರ್ ಹೊಂದಿದ್ರೂ ಹಳೇ ಪಾರ್ಟ್ ಜೊತೆ ಹೊಸದನ್ನು ಇಟ್ಟು ಅಳೀಬೇಕು, ಯಾಕಂದ್ರೆ ಸೆಕೆಂಡ್ ಹ್ಯಾಂಡ್ ಗಾಡಿ ಆದ್ರೆ ಮೊದಲಿನ ಓನರ್ ಎಂತ ಬದಲಿಸಿದ್ದಾರೆ ಅಂತ ಚಾಸಿಸ್ ನಂಬರ್‌ಗೆ ಗೊತ್ತಿರೋದಿಲ್ಲ. ಡಿಸ್ಕಲ್ಲಿ ಜನ ಮೊದಲು ನೋಡೋದು ವೀಲ್ ಬೋಲ್ಟಿನ ತೂತು. ಸ್ವಿಫ್ಟಿಗೂ ನಾಲ್ಕು ತೂತು 100 ಎಂಎಂ ಪಿಸಿಡಿ (ಆ ತೂತುಗಳ ನಡುವಿಂದ ಹಾದು ಹೋಗುವ ವೃತ್ತದ ವ್ಯಾಸ), ಐ20ಗೂ ನಾಲ್ಕು ತೂತು 100, ಎರಡಕ್ಕೂ ನಡುವಿನ ತೂತು 54.1 ಎಂಎಂ. ಹಾಗಂತ ಅದರ ಡಿಸ್ಕ್ ತೆಗೆದು ಇದಕ್ಕೆ ಹಾಕ್ಬಹುದು ಅಂತ ಅಲ್ಲ. ಹೊರಗಿನ ವ್ಯಾಸ, ಹೊಸದಿದ್ದಾಗಿನ ದಪ್ಪ, ಒಳಗೆ ಗಾಳಿ ಹೋಗುವ ಸಂದಿ ಉಂಟಾ ಇಲ್ವಾ, ಕೊನೆಗೆ ಎತ್ತರ, ಇದೆಲ್ಲ ಹೊಂದ್ಬೇಕು. ಈ ಎತ್ತರ ಅನ್ನೋದನ್ನು ಹೆಚ್ಚಿನವರು ಬಿಟ್ಟೇ ಬಿಡ್ತಾರೆ.

ಡಿಸ್ಕನ್ನು ಗ್ರಾನೈಟ್ ಕಲ್ಲಿನ ಮೇಲೆ, ಪ್ಯಾಡ್ ಉಜ್ಜುವ ಮುಖ ಕೆಳಗೆ ಬರುವ ಹಾಗೆ ಚಪ್ಪಟೆ ಇಡಿ. ನಡುವೆ ಒಂದು ಟೊಪ್ಪಿ ತರ ಮೇಲೆ ಎದ್ದಿರ್ತದಲ್ಲ, ಕಲ್ಲಿಂದ ಆ ಟೊಪ್ಪಿಯ ತುದಿಗೆ ಎಷ್ಟು ಅಂತ ಅಳೀರಿ. ಹಳೇದರದ್ದೂ ಹೊಸದರದ್ದೂ ಹೀಗೆಯೇ ಇಟ್ಟು ನೋಡಿ, ಹಳೇದರ ಮುಖ ಸವೆದಷ್ಟು ಮಾತ್ರ ವ್ಯತ್ಯಾಸ ಬರ್ಬೇಕು. ವ್ಯಾಸ ಒಂದೇ, ದಪ್ಪ ಒಂದೇ, ಎತ್ತರ ಮಾತ್ರ ಮೂರು ಎಂಎಂ ಬೇರೆ ಇದ್ರೆ ಡಿಸ್ಕ್ ಚಕ್ರ ಕೂರುವ ಹಬ್ ಮೇಲೆ ಚಂದ ಕೂರ್ತದೆ, ಬೋಲ್ಟೂ ಬೀಳ್ತದೆ, ಆದ್ರೆ ಕ್ಯಾಲಿಪರ್ ಬ್ರ್ಯಾಕೆಟಿನ ನಡುವೆ ಬರೋದಿಲ್ಲ, ಒಂದು ಬದಿಗೆ ಸರಿದಿರ್ತದೆ. ಒಂದು ಕಡೆಯ ಪ್ಯಾಡ್‌ಗೆ ಜಾಗ ಸಾಲೋದಿಲ್ಲ, ಇಲ್ಲಾ ಬ್ರ್ಯಾಕೆಟ್ಟೇ ಉಜ್ಜಲಿಕ್ಕೆ ಶುರು ಆಗ್ತದೆ. ಆಗ ಗ್ರೈಂಡರ್ ಹಿಡ್ಕೊಂಡು ಬ್ರ್ಯಾಕೆಟ್ ಸ್ವಲ್ಪ ತೆಗೀಬಹುದು ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಗಾಡಿ ಅಲ್ಲಿಂದ ತೆಗೀರಿ.

ದಪ್ಪ ಅಳೆಯುವಾಗ ಇನ್ನೊಂದು ಸೂಕ್ಷ್ಮ ಉಂಟು. ಸವೆದ ಡಿಸ್ಕಿನ ಅಂಚಲ್ಲಿ ಪ್ಯಾಡ್ ತಾಗದ ಜಾಗ ಏರಿ ನಿಂತಿರ್ತದೆ, ನಮ್ಮ ಸಮುದ್ರದ ಗಾಳಿಗೆ ಅದರ ಮೇಲೆ ತುಕ್ಕು ಬೇರೆ, ವರ್ನಿಯರ್ ಹಾಗೇ ಹಿಡಿದ್ರೆ ಅಂಚಿನ ದಪ್ಪ ತೋರಿಸ್ತದೆ, ನಿಜವಾದ್ದಲ್ಲ. ಮೈಕ್ರೋಮೀಟರ್ ಇಲ್ಲದಿದ್ರೆ ಎರಡೂ ಬದಿಯಲ್ಲಿ ಒಂದೊಂದು ಒಂದೇ ತರದ ನಾಣ್ಯ ಇಟ್ಟು ಅದರ ಮೇಲೆ ವರ್ನಿಯರ್ ಹಿಡೀರಿ, ಬಂದ ಅಳತೆಯಿಂದ ಎರಡು ನಾಣ್ಯದ ದಪ್ಪ ಕಳೀರಿ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಎಷ್ಟು ಅಂತ ಹೊಡೆದಿರ್ತಾರೆ, ವೇರಿಯಂಟ್ ಬೇರೆಯದ್ದಾ ಅಂತ ಸಂಶಯ ಬಂದಾಗ ಆ ಅಂಕಿ ಒಳ್ಳೆ ಸಾಕ್ಷಿ. ಡ್ರಮ್ಮಲ್ಲಾದ್ರೆ ಗರಿಷ್ಠ ಒಳವ್ಯಾಸ ಹೊಡೆದಿರ್ತಾರೆ.

ಪ್ಯಾಡ್ ವಿಷಯಕ್ಕೆ ಬಂದ್ರೆ ಹಿಂದಿನ ಕಬ್ಬಿಣದ ಪ್ಲೇಟಿನ ಆಕಾರ, ಅದರ ಎರಡು ತುದಿಯಲ್ಲಿ ಚಾಚಿದ ಕಿವಿಗಳ ಅಗಲ, ಒಟ್ಟು ದಪ್ಪ, ಸವೆದಾಗ ಕಿರ್ ಅಂತ ಶಬ್ದ ಮಾಡುವ ಸಣ್ಣ ಪಟ್ಟಿ ಯಾವ ಬದಿಯಲ್ಲಿ ಉಂಟು ಇಷ್ಟು ಹೊಂದ್ಬೇಕು. ಹಳೇದರ ಮೇಲೆ ಹೊಸದನ್ನು ಬೆನ್ನಿಗೆ ಬೆನ್ನು ಇಟ್ಟು ಹಿಡಿದ್ರೆ ಗೊತ್ತಾಗ್ತದೆ. ಕಿವಿ ಅರ್ಧ ಎಂಎಂ ದೊಡ್ಡದಿದ್ರೂ ಪ್ಯಾಡ್ ಜಾರುವ ಜಾಗದಲ್ಲಿ ಬಿಗಿಯಾಗಿ ಕೂತು ಬಿಡ್ತದೆ, ಪೆಡಲ್ ಬಿಟ್ರೂ ಹಿಂದೆ ಸರಿಯೋದಿಲ್ಲ, ಡಿಸ್ಕ್ ಬಿಸಿಯಾಗ್ತಾ ಇರ್ತದೆ, ಮೈಲೇಜ್ ಬಿದ್ದು ಹೋಗ್ತದೆ. ಆಕಾರ ಒಂದೇ ಇದ್ದೂ ಉಜ್ಜುವ ವಸ್ತು ಬೇರೆ ಇರಬಹುದು. ಎಷ್ಟೋ ಪ್ಯಾಡುಗಳ ಅಂಚಲ್ಲಿ ಉದ್ದ ಕೋಡಿನ ಕೊನೆಗೆ ಇಂಗ್ಲಿಷಿನ ಎರಡು ಅಕ್ಷರ ಇರ್ತದೆ, ಎಫ್‌ಎಫ್ ಅಂತಲೋ ಜಿಜಿ ಅಂತಲೋ. ಮೊದಲನೇದು ಮಾಮೂಲಿ ಬಿಸಿಯಲ್ಲಿ ಎಷ್ಟು ಹಿಡೀತದೆ ಅಂತ, ಎರಡನೇದು ತುಂಬ ಬಿಸಿಯಾದಾಗ. ಇ ಅಂದ್ರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಹಳೇದು ಎಫ್‌ಎಫ್ ಇದ್ದಲ್ಲಿ ಕಡಿಮೆಗೆ ಸಿಕ್ತು ಅಂತ ಇಇ ಹಾಕೋದು ನನ್ನ ಪ್ರಕಾರ ಸರಿಯಲ್ಲ. ಎಡಕ್ಕೊಂದು ಬಲಕ್ಕೊಂದು ಬ್ರ್ಯಾಂಡ್ ಅಂತೂ ಬೇಡವೇ ಬೇಡ, ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೀತದೆ.

ಹಿಂದಿನ ಡ್ರಮ್ಮಲ್ಲಿ ಎಬಿಎಸ್ ಒಂದು ಬಲೆ ಇಟ್ಟಿದೆ. ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲಿಂದ, ಅದಕ್ಕಿಂತ ಹಿಂದಿನ ಎಷ್ಟೋ ಗಾಡಿಗಳಲ್ಲಿ ಕೆಳಗಿನ ವೇರಿಯಂಟಿಗೆ ಇರ್ಲಿಲ್ಲ, ಮೇಲಿನದ್ದಕ್ಕೆ ಇತ್ತು. ಕೆಲವು ಸಣ್ಣ ಕಾರುಗಳಲ್ಲಿ ಹಿಂದಿನ ವೀಲ್ ಬೇರಿಂಗ್ ಡ್ರಮ್ಮಿನ ಒಳಗೇ ಇರ್ತದೆ, ಎಬಿಎಸ್ ಇರುವ ವೇರಿಯಂಟಲ್ಲಿ ಆ ಬೇರಿಂಗಿನ ಒಂದು ಬದಿಗೆ ಕಪ್ಪು ರಬ್ಬರ್ ಸೀಲಿನ ಹಾಗೆ ಕಾಣುವ ಒಂದು ಬಳೆ ಉಂಟು. ಅದು ಬರೀ ಸೀಲ್ ಅಲ್ಲ, ಅದರಲ್ಲಿ ಸಾಲಾಗಿ ಅಯಸ್ಕಾಂತದ ಧ್ರುವಗಳಿರ್ತವೆ, ಚಕ್ರ ತಿರುಗುವಾಗ ಸೆನ್ಸರ್ ಅದನ್ನು ಲೆಕ್ಕ ಮಾಡಿ ವೇಗ ಕಂಡುಹಿಡೀತದೆ. ಎಬಿಎಸ್ ಇಲ್ಲದ ವೇರಿಯಂಟಿನ ಡ್ರಮ್ ತಂದು ಹಾಕಿದ್ರೆ ಎಲ್ಲ ಕೂರ್ತದೆ, ಬ್ರೇಕೂ ಹಿಡೀತದೆ, ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ಲೈಟ್ ಮಾತ್ರ ಆರೋದಿಲ್ಲ. ಪರೀಕ್ಷೆ ಸುಲಭ, ಒಂದು ಪ್ಲಾಸ್ಟಿಕ್ ಹಾಳೆ ಆ ಬಳೆಯ ಮೇಲಿಟ್ಟು ಅದರ ಮೇಲೆ ನಯವಾದ ಕಬ್ಬಿಣದ ಪುಡಿ ಉದುರಿಸಿ, ಅಯಸ್ಕಾಂತ ಇದ್ರೆ ಪುಡಿ ಗೆರೆ ಗೆರೆಯಾಗಿ ನಿಲ್ತದೆ. ಹಾಳೆ ಇಡದೆ ನೇರ ಉದುರಿಸ್ಬೇಡಿ, ಅಂಟಿದ ಪುಡಿ ಮತ್ತೆ ಸೆನ್ಸರ್‌ಗೆ ತೊಂದರೆ. ಬೇರಿಂಗ್ ಮಾತ್ರ ಬದಲಿಸುವವರು ಆ ಬದಿ ಸೆನ್ಸರ್ ಕಡೆಗೇ ಬರುವ ಹಾಗೆ ಒತ್ತಬೇಕು, ಉಲ್ಟಾ ಒತ್ತಿದ್ರೆ ಅದೇ ಲೈಟು.

ಇನ್ನು ತುಂಬ ಜನ ಕೇಳುವ ಪ್ರಶ್ನೆ, ಮೇಲಿನ ವೇರಿಯಂಟಿನ ದೊಡ್ಡ ಬ್ರೇಕ್ ಗುಜರಿಯಲ್ಲಿ ಸಿಕ್ತು, ನನ್ನ ಗಾಡಿಗೆ ಹಾಕ್ಲಾ? ಇಲ್ಲಿ ಲೆಕ್ಕ ನೋಡ್ಬೇಕು. ಕ್ಯಾಲಿಪರಿನ ಪಿಸ್ಟನ್ 48 ಎಂಎಂ ಇದ್ರೆ ಅದರ ಮುಖದ ವಿಸ್ತೀರ್ಣ ಸುಮಾರು 18 ಚದರ ಸೆಂಟಿಮೀಟರ್, 54 ಎಂಎಂ ಆದ್ರೆ ಸುಮಾರು 23. ವ್ಯಾಸದಲ್ಲಿ ಆರೇ ಎಂಎಂ, ಆದ್ರೆ ಅದೇ ಒತ್ತಡಕ್ಕೆ ಹಿಡಿತ ಕಾಲು ಭಾಗಕ್ಕಿಂತ ಹೆಚ್ಚು ಏರ್ತದೆ. ಕೇಳ್ಲಿಕ್ಕೆ ಚಂದ. ಆದ್ರೆ ಆ ಪಿಸ್ಟನನ್ನು ಅಷ್ಟೇ ದೂರ ತಳ್ಳಲಿಕ್ಕೆ ಆಯಿಲೂ ಅಷ್ಟೇ ಹೆಚ್ಚು ಬೇಕು, ಅದನ್ನು ಕೊಡ್ಬೇಕಾದ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು) ಹಳೇದೇ, ಹಾಗಾಗಿ ಪೆಡಲ್ ಕೆಳಗೆ ಹೋಗ್ತದೆ. ಸರಿ ಅಂತ ಮಾಸ್ಟರ್ ಸಿಲಿಂಡರನ್ನೂ ದೊಡ್ಡದು ಹಾಕಿದ್ರೆ, ಉದಾಹರಣೆಗೆ 20.6 ಎಂಎಂ ಇದ್ದಲ್ಲಿ 22.2, ಪೆಡಲ್ ಮೇಲೆ ಬರ್ತದೆ ಆದ್ರೆ ಗಟ್ಟಿ ಆಗ್ತದೆ, ಅದೇ ಒತ್ತಡ ಬರ್ಲಿಕ್ಕೆ ಕಾಲಿಂದ ಹೆಚ್ಚು ಬಲ ಹಾಕ್ಬೇಕು. ಒಂದನ್ನು ಮುಟ್ಟಿದ್ರೆ ಇನ್ನೊಂದು ಅಲುಗಾಡ್ತದೆ.

ಇದಕ್ಕಿಂತ ಗಂಭೀರ ಆದದ್ದು ಮುಂದೆ ಹಿಂದೆಯ ಹೊಂದಾಣಿಕೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲ್ತದೆ, ಹಿಂದಿನ ಚಕ್ರ ಹಗುರ ಆಗ್ತದೆ, ಅದಕ್ಕೆ ಹಿಂದಿನ ಬ್ರೇಕ್ ಬೇಕಂತಲೇ ಕಡಿಮೆ ಇಟ್ಟಿರ್ತಾರೆ. ಡ್ರಮ್ಮಿನ ಒಳಗೆ ಬ್ರೇಕ್ ಒತ್ತುವ ಹಿಂದಿನ ವೀಲ್ ಸಿಲಿಂಡರ್ 17.46 ಎಂಎಂ ಇದ್ದಲ್ಲಿ 19.05 ಹಾಕಿದ್ರೆ ಹಿಂದಿನ ಬಲ ಸುಮಾರು 19 ಶೇಕಡಾ ಏರ್ತದೆ, ಎಬಿಎಸ್ ಇಲ್ಲದ ಹಳೇ ಗಾಡಿ ಮಳೆಯಲ್ಲಿ ಪಡುಬಿದ್ರಿ ಹೆದ್ದಾರಿಯಲ್ಲಿ ಗಟ್ಟಿ ಬ್ರೇಕ್ ಹಾಕಿದ್ರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿ ಹೋಗಬಹುದು. ಎಬಿಎಸ್ ಇರುವ ಗಾಡಿಯಲ್ಲೂ ಆ ಕಂಪ್ಯೂಟರ್ ಲೆಕ್ಕ ಹಾಕಿದ್ದು ಫ್ಯಾಕ್ಟರಿ ಬ್ರೇಕಿಗೆ.

ಹಳೇ ಬಲೆನೊಗೆ ಆರ್‌ಎಸ್‌ನ ಹಿಂದಿನ ಡಿಸ್ಕ್ ಹಾಕುವ ಆಸೆ ಇದ್ದವರು ಡಿಸ್ಕ್ ಕ್ಯಾಲಿಪರ್ ಎರಡರ ಬೆಲೆ ನೋಡಿ ನಿಲ್ಲಿಸ್ತಾರೆ. ಪಟ್ಟಿ ಅಲ್ಲಿಗೆ ಮುಗಿಯೋದಿಲ್ಲ. ಹಬ್ಬು, ಬ್ರ್ಯಾಕೆಟ್ಟು, ಅದು ಕೂರುವ ಆಕ್ಸಲಿನ ತುದಿ, ಹೋಸು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಮಾಸ್ಟರ್ ಸಿಲಿಂಡರು, ಎಬಿಎಸ್ ಯೂನಿಟ್ಟು, ಒಂದೊಂದರ ನಂಬರನ್ನೂ ಎರಡೂ ವೇರಿಯಂಟಲ್ಲಿ ತೆಗೆದು ಹೋಲಿಸ್ಬೇಕು, ಬೇರೆ ಬಂದದ್ದೆಲ್ಲ ಖರ್ಚಿಗೆ ಸೇರ್ತದೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೈಮ್ ಸಮಯದಲ್ಲಿ ತಕರಾರಿಗೆ ಕಾರಣ ಆಗಬಹುದು, ಅದೂ ಗಮನದಲ್ಲಿರಲಿ. ಇಷ್ಟು ದುಡ್ಡಿಗೆ ಒಳ್ಳೆ ಟಯರು, ಒಳ್ಳೆ ಪ್ಯಾಡು, ಹೊಸ ಬ್ರೇಕ್ ಆಯಿಲ್ ಹಾಕಿಸಿದ್ರೆ ಸಿಗುವ ಲಾಭ ಹೆಚ್ಚು ಅಂತ ನನಗೆ ಖಂಡಿತ ಅನಿಸ್ತದೆ.

ದೊಡ್ಡದರ ಬದಲು ಚಿಕ್ಕದು ಹಾಕೋದು ಇನ್ನೂ ಅಪಾಯ, ನಮ್ಮ ಘಾಟಿಗಳಿಂದಾಗಿ. 1,100 ಕೆಜಿಯ ಕಾರು 500 ಮೀಟರ್ ಎತ್ತರ ಇಳಿದ್ರೆ ಬಿಡುಗಡೆ ಆಗುವ ಶಕ್ತಿ ಸುಮಾರು 54 ಲಕ್ಷ ಜೂಲ್, ಅಂದ್ರೆ 18 ಲೀಟರ್ ನೀರನ್ನು ಕುದಿ ಬರಿಸುವಷ್ಟು ಬಿಸಿ. ಆಗುಂಬೆಯ 14 ತಿರುವು ನ್ಯೂಟ್ರಲಲ್ಲಿ ಇಳಿದ್ರೆ ಅದರ ಹೆಚ್ಚಿನ ಭಾಗ ಡಿಸ್ಕ್ ಮತ್ತು ಡ್ರಮ್ಮಿಗೇ, ಎರಡನೇ ಗೇರಲ್ಲಿ ಇಳಿದ್ರೆ ದೊಡ್ಡ ಪಾಲು ಇಂಜಿನ್ ತಗೊಳ್ತದೆ. ಭಾರದ ವೇರಿಯಂಟಿಗೆ ಹಗುರ ವೇರಿಯಂಟಿನ ತೆಳು ಡಿಸ್ಕ್ ಹಾಕಿದ್ರೆ ಊರಲ್ಲಿ ಕಲ್ಸಂಕ, ಮಣಿಪಾಲ ಅಂತ ಓಡಾಡುವಾಗ ಗೊತ್ತೇ ಆಗೋದಿಲ್ಲ, ಗೊತ್ತಾಗೋದು ಚಾರ್ಮಾಡಿ ಇಳಿಯುವಾಗ.

ಬ್ರೇಕ್ ಆಯಿಲ್ ವೇರಿಯಂಟಿಂದ ವೇರಿಯಂಟಿಗೆ ಬದಲಾಗೋದು ಕಡಿಮೆ, ಬಾನೆಟ್ ಒಳಗಿರುವ ಗಾಡಿಯ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯಲ್ಲಿ ಕುದೀತದೆ, ಡಾಟ್ 4 ಆದ್ರೆ 230, ತೇವ ಹೀರಿದ ಮೇಲೆ ಅದು 140ಕ್ಕೂ 155ಕ್ಕೂ ಇಳೀಬಹುದು. ವರ್ಷಕ್ಕೆ 3,500 ಎಂಎಂ ಆಸುಪಾಸು ಮಳೆ ಬೀಳುವ ಊರಲ್ಲಿ ಇದನ್ನು ಎರಡು ವರ್ಷಕ್ಕೊಮ್ಮೆ ಬದಲಿಸದೆ ಇರ್ಬೇಡಿ. ಡಾಟ್ 5 ಅಂದ್ರೆ ಸಿಲಿಕೋನ್, ಅದನ್ನು ಇದರ ಜೊತೆ ಬೆರೆಸುವ ಹಾಗಿಲ್ಲ, 5.1 ಬೇರೆ, 5 ಬೇರೆ.

ಫಿಟ್ಟಿಂಗ್ ಆದ ಮೇಲೆ ಗಾಡಿ ತೆಗೆಯುವ ಮೊದಲು ಪೆಡಲ್ ಗಟ್ಟಿ ಆಗುವವರೆಗೆ ಒತ್ತಿ ಒತ್ತಿ ಬಿಡಿ, ಮೊದಲ ಸಲ ಒತ್ತಿದಾಗ ಅದು ನೆಲಕ್ಕೆ ಹೋಗ್ತದೆ. ಅಲಾಯ್ ವೀಲ್ ಹಾಕಿದ ಮೇಲೆ ಕೈಯಲ್ಲಿ ಚಕ್ರ ಒಂದು ಪೂರ್ತಿ ಸುತ್ತು ತಿರುಗಿಸಿ, ಕ್ಯಾಲಿಪರ್ ವೀಲಿನ ಒಳಗೆ ತಾಗ್ತದಾ ಕೇಳಿಸಿಕೊಳ್ಳಿ, ವೀಲಿಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕವೂ ತಾಗಬಹುದು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ಬ್ರೇಕ್ ಹಾಕಿ ನೋಡಿ, ಒಂದು ಬದಿಗೆ ಎಳೀತದಾ, ಎಬಿಎಸ್ ಲೈಟ್ ಆರಿದೆಯಾ. ವಾಪಸ್ ಬಂದು ನಿಲ್ಲಿಸಿದಾಗ ನಾಲ್ಕೂ ಚಕ್ರದ ಹತ್ರ ಕೈ ಹಿಡೀರಿ, ಮುಟ್ಟಬೇಡಿ, ಒಂದೇ ಚಕ್ರ ಬಾಕಿದಕ್ಕಿಂತ ತುಂಬ ಬಿಸಿ ಇದ್ರೆ ಅಲ್ಲಿ ಪ್ಯಾಡ್ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಘಾಟಿ ಕಡೆ ಹೋಗ್ಬೇಡಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ. ಬಾಕ್ಸಿನ ಲೇಬಲ್ ಮಾತ್ರ ಬಿಸಾಡಬೇಡಿ, ಅದರ ಒಂದು ಫೋಟೋ ಆರ್‌ಸಿ ಫೋಟೋ ಜೊತೆ ಫೋನಲ್ಲಿ ಇಟ್ಟುಕೊಳ್ಳಿ, ಮುಂದಿನ ಸಲ ಕೌಂಟರಲ್ಲಿ ವೇರಿಯಂಟ್ ಹೆಸರಿನ ಬದಲು ಅದನ್ನೇ ತೋರಿಸಿದ್ರೆ ಆಯ್ತು.